ವೀಕೆಂಡಿಗೆ ಬಿದ್ದ ಕೆಂಪು ಗೆರೆ

ವಿಜಯಪುರದಲ್ಲಿ ಪಿಯುಸಿ ಓದುವ ತಂಗಿಯ ಮಗಳು ಮೊನ್ನೆ ತನ್ನ ಇಂಗ್ಲಿಷ್ ನೋಟ್‌ಬುಕ್ಕಿನ ಫೋಟೋ ಕಳಿಸಿದಳು. 'ಅಟ್ ದ ವೀಕೆಂಡ್' ಎಂದು ಬರೆದಿದ್ದಳು. ಟ್ಯೂಷನ್ ಸರ್ 'ಅಟ್' ಮೇಲೆ ಕೆಂಪು ಗೆರೆ ಎಳೆದು 'ಆನ್' ಮಾಡಿದ್ದರು. ಕೆಳಗೆ ಅವಳ ಪ್ರಶ್ನೆ: "ಮಾಮಾ, ನೀವು ಫೋನಿನ್ಯಾಗ ಹಂಗ ಅಂತೀರಲ್ರಿ?"

ಹೌದು, ಅಂತೀನಿ. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಎಲ್ಲರೂ ಅನ್ನುವುದೇ ಹಾಗೆ. 'ಆನ್ ದ ವೀಕೆಂಡ್' ಅಮೆರಿಕದವರ ರೂಢಿ. ಎರಡೂ ಸರಿ.

ಯಾರ್ಕ್‌ಷೈರ್ ಸೀಮೆಯ ಹಳಬರಂತೂ ಇನ್ನೂ ಮುಂದೆ ಹೋಗುತ್ತಾರೆ. ಅಂಗಡಿ ಒಂಬತ್ತರಿಂದ ಐದರವರೆಗೆ ಎನ್ನಲು 'ನೈನ್ ವೈಲ್ ಫೈವ್' ಅನ್ನುತ್ತಾರೆ. 'ಟು' ಇಲ್ಲ, 'ಟಿಲ್' ಇಲ್ಲ, ಸುಮ್ನೆ 'ವೈಲ್'. ಮೊದಲ ಸಲ ಆಫೀಸಿನಲ್ಲಿ ಇದನ್ನು ಕೇಳಿದಾಗ ಯಾರಾದರೂ ತಿದ್ದುತ್ತಾರೇನೋ ಅಂತ ಸುತ್ತ ನೋಡಿದೆ. ಎಲ್ಲರೂ ಟೀ ಕುಡಿಯುತ್ತಿದ್ದರು, ಅಷ್ಟೇ. ಅತ್ತ ನ್ಯೂಯಾರ್ಕಿನ ಮಂದಿ ಕ್ಯೂನಲ್ಲಿ ನಿಂತರೆ 'ಆನ್ ಲೈನ್' ಅನ್ನುತ್ತಾರೆ, ಉಳಿದ ಅಮೆರಿಕಕ್ಕೆ ಅದು 'ಇನ್ ಲೈನ್'.

ನಮ್ಮೂರಲ್ಲಿ ಮಾತ್ರ ಈ ಪುಟ್ಟ ಪದಗಳ ಭಯ ಜಾಸ್ತಿ. ಬೇರೆ ಮಾತುಗಳಲ್ಲಿ ಇದೇ ಊರು ಎಷ್ಟು ಧಾರಾಳಿ! ಗಾಂಧಿ ಚೌಕದ ಅಂಗಡಿಯವರು ಕನ್ನಡದಲ್ಲಿ ಶುರು ಮಾಡಿ, ನಡುವೆ ಮರಾಠಿ ಸೇರಿಸಿ, ದಖ್ಖನಿಯಲ್ಲಿ ರೇಟು ಮುಗಿಸುತ್ತಾರೆ. 2014ರಲ್ಲಿ ಊರಿನ ಹೆಸರೇ ಬಿಜಾಪುರ ಹೋಗಿ ವಿಜಯಪುರ ಆಯಿತು. ಇವತ್ತಿಗೂ ಬಾಗಲಕೋಟೆಯಲ್ಲಿ ಬಸ್ಸು ಹತ್ತಿ "ಬಿಜಾಪುರ ಒಂದು ಕೊಡ್ರಿ" ಎಂದರೆ ಕಂಡಕ್ಟರು ತಿದ್ದುವುದಿಲ್ಲ, ಟಿಕೆಟ್ ಕೊಡುತ್ತಾರೆ. ಇಂಗ್ಲಿಷ್ ಬಂದ ಕೂಡಲೇ ಅದೇ ಜನ ತಹಶೀಲ್ದಾರ್ ಕಚೇರಿಯ ಗುಮಾಸ್ತರ ಹಾಗೆ ಆಗಿಬಿಡುತ್ತಾರೆ. ಹುಡುಗರು 'ಇನ್ನೋ ಆನೋ' ಎಂದು ಒಳಗೊಳಗೇ ಲೆಕ್ಕ ಹಾಕುತ್ತಾ ಕೂರುತ್ತಾರೆ. ಅಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ.

ತಪ್ಪೆಲ್ಲ ಸರ್‌ಗಳದ್ದೇ ಅನ್ನಲೂ ಆಗದು ಬಿಡಿ. ಕೆಲವು ಕಡೆ ಅರ್ಥವೇ ಕೆಡುತ್ತದೆ. ಚೆಂಡನ್ನು 'ಟು ಮಿ' ಎಸೆದರೆ ಕ್ಯಾಚು, 'ಅಟ್ ಮಿ' ಎಸೆದರೆ ಹಣೆಗೆ ಪೆಟ್ಟು. ಅದನ್ನು ಕಲಿಸಲೇಬೇಕು. ಬಿಟ್ಟ ಸ್ಥಳ ತುಂಬಿರಿ ಎಂದಾಗ ಮೌಲ್ಯಮಾಪಕರ ಕೈಯಲ್ಲಿರುವ ಉತ್ತರ ಒಂದೇ, ಯಾರ್ಕ್‌ಷೈರ್ ಅಂಗಡಿಯ ಮಾತು ಅಲ್ಲಿ ನಡೆಯುವುದಿಲ್ಲ. ಅರ್ಧ ಮಾರ್ಕು ಕಳೆಯಲಿ, ನನ್ನ ತಕರಾರಿಲ್ಲ. ಆದರೆ ತಪ್ಪಿದವರನ್ನು ಎಬ್ಬಿಸಿ ನಿಲ್ಲಿಸಿ ಇಡೀ ಕ್ಲಾಸನ್ನು ನಗಿಸುವುದು ಮಾತ್ರ ನಿಲ್ಲಲಿ.