ನಕ್ಷತ್ರಮೀನು ಒದಗಿಸಲಾಗದಿದ್ದರೆ ಈ ಸಿಗಡಿಯನ್ನು ತರಬೇಡಿ

ಹಾರ್ಲೆಕ್ವಿನ್ ಸಿಗಡಿ ನಕ್ಷತ್ರಮೀನನ್ನು ತಿಂದು ಬದುಕುವ ಜೀವಿ. ಕಡಲಿನಲ್ಲಿ ಅಪರೂಪಕ್ಕೆ ಅದೇ ಬಳಗದ ಬೇರೊಂದಕ್ಕೆ ಬಾಯಿ ಹಾಕೀತು. ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಅದಕ್ಕೆ ನಕ್ಷತ್ರಮೀನು ಬಿಟ್ಟರೆ ಉಪವಾಸವೇ ಗತಿ. ಮಾರುವವರು ಈ ಮಾತನ್ನು ಮೊದಲೇ ಹೇಳಬೇಕು, ಕೊಳ್ಳುವವರು ಮೊದಲೇ ಕೇಳಬೇಕು. ಎರಡೂ ನಡೆಯುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯಲು ಕುಳಿತಿದ್ದೇನೆ.

ಬಾಗಲಕೋಟೆಯ ನವನಗರದ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. "ಅಣ್ಣ, ಕಾಳು ಹಾಕಿದರೆ ಮುಟ್ಟುವುದಿಲ್ಲ, ಆದರೂ ಚೆನ್ನಾಗಿಯೇ ನಿಂತಿದೆ. ರಾತ್ರಿ ತಿನ್ನುತ್ತಿರಬಹುದೇ?" ಎಂದು ಕೇಳಿದ. ಅಂಗಡಿಯವರು "ಇದು ಎಲ್ಲವನ್ನೂ ತಿನ್ನುತ್ತದೆ, ತೊಟ್ಟಿಯನ್ನು ಶುಚಿಯಾಗಿಡುತ್ತದೆ" ಎಂದು ಹೇಳಿ ಕೊಟ್ಟಿದ್ದರಂತೆ. ಇಲ್ಲ, ಅದು ರಾತ್ರಿಯೂ ತಿನ್ನುತ್ತಿಲ್ಲ. ಈ ಸಿಗಡಿ ಒಮ್ಮೆಲೇ ಸಾಯುವುದಿಲ್ಲ. ವಾರಗಟ್ಟಲೆ ಹಸಿದೇ ಇರುತ್ತದೆ. ಸಾಕಿದವರು ಎಲ್ಲವೂ ಸರಿಯಿದೆ ಎಂದುಕೊಂಡಿರುವಾಗಲೇ ಒಂದು ದಿನ ಬಿದ್ದಿರುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿದ್ದೂ ಹೇಳದೆ ಮಾರಿದವರ ಮೇಲೆ ಇದೆ.

ಇದರ ರೂಪಕ್ಕೆ ಮರುಳಾಗದವರಿಲ್ಲ. ಬೆರಳುದ್ದವೂ ಇಲ್ಲದ ಮೈ, ಕೆನೆ ಬಿಳುಪಿನ ಮೇಲೆ ನೇರಳೆಯ ಅಥವಾ ಕಂದು ಬಣ್ಣದ ದೊಡ್ಡ ದೊಡ್ಡ ಮಚ್ಚೆಗಳು. ತಲೆಯ ಮುಂದಿನ, ವಾಸನೆ ಹಿಡಿಯುವ ಮುಂಗೊಂಬು ಎಲೆಯಂತೆ ಅಗಲವಾಗಿ ಹರಡಿಕೊಂಡಿರುತ್ತದೆ. 1852ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಡ್ವೈಟ್ ಡಾನಾ ಇದಕ್ಕೆ ಹೈಮೆನೋಸೆರಾ ಪಿಕ್ಟಾ ಎಂದು ವೈಜ್ಞಾನಿಕ ಹೆಸರಿಟ್ಟರು. ಗಂಡು ಹೆಣ್ಣು ಜೋಡಿಯಾಗಿ ಬಾಳುವುದನ್ನು 1970ರ ದಶಕದಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್ ಮತ್ತು ಊಟಾ ಸೈಬ್ಟ್ ವಿವರವಾಗಿ ಅಭ್ಯಾಸ ಮಾಡಿದರು. ಹವಳವನ್ನು ಮೇಯ್ದು ಹಾಳುಮಾಡುವ ಮುಳ್ಳಿನ ಕಿರೀಟದ ನಕ್ಷತ್ರಮೀನಿನ ಮೇಲೂ ಇವು ಎರಗುತ್ತವೆ ಎಂಬುದು ಪನಾಮಾದ ಹವಳದ ದಿಬ್ಬಗಳಲ್ಲಿ ದಾಖಲಾಗಿದೆ.

ನಮ್ಮ ತೊಟ್ಟಿಯ ಜೋಡಿ ಊಟಕ್ಕೆ ಏಳುವುದನ್ನು ನೋಡಬೇಕು. ವಾಸನೆ ತಾಗಿದೊಡನೆ ಆ ಅಗಲ ಮುಂಗೊಂಬುಗಳು ಪಟಪಟನೆ ಆಡತೊಡಗುತ್ತವೆ. ನಕ್ಷತ್ರಮೀನು ಅಡಿಯ ನೂರಾರು ನಾಳಪಾದಗಳಿಂದ ಕಲ್ಲನ್ನು ಕಚ್ಚಿ ಹಿಡಿದಿರುತ್ತದೆ. ಸಿಗಡಿ ನಕ್ಷತ್ರಮೀನಿನ ಕಾಲಿನ ತುದಿಯ ಹತ್ತಿರ ಚಿಮಟದಂಥ ತನ್ನ ಕೊಂಡಿ ತೂರಿಸಿ ಆ ನಾಳಪಾದಗಳನ್ನು ಚುಚ್ಚುತ್ತದೆ, ಅವು ಒಳಕ್ಕೆ ಸರಿಯುತ್ತವೆ, ಹಿಡಿತ ಸಡಿಲವಾಗುತ್ತದೆ. ಆಗ ಎರಡೂ ಸೇರಿ ತಮಗಿಂತ ದೊಡ್ಡದನ್ನು ಮಗುಚಿ ಹಾಕಿ ಕಲ್ಲಿನ ಸಂದಿಗೆ ಎಳೆದೊಯ್ಯುತ್ತವೆ. ತುದಿಯಿಂದ ನಡುವಿನ ಕಡೆಗೆ ತಿನ್ನುತ್ತ ಬರುತ್ತವೆ. ಹೀಗಾಗಿ ತಿನ್ನಿಸಿಕೊಳ್ಳುವ ಜೀವಿ ದಿನಗಟ್ಟಲೆ ಬದುಕಿರುತ್ತದೆ. ನೋಡುವುದು ಸುಲಭವಲ್ಲ.

ಆಸ್ಟರಿನಾ ಎಂಬ ಉಗುರಿನಗಲದ ಪುಟ್ಟ ನಕ್ಷತ್ರಮೀನುಗಳು ತೊಟ್ಟಿಯಲ್ಲಿ ತಾವಾಗಿಯೇ ಒಡೆದು ಒಡೆದು ಹೆಚ್ಚುತ್ತವೆ. ಅವುಗಳನ್ನು ಮುಗಿಸಲೆಂದೇ ಈ ಸಿಗಡಿಯನ್ನು ತರುವವರಿದ್ದಾರೆ. ಕೆಲವು ತಿಂಗಳಲ್ಲಿ ಆಸ್ಟರಿನಾ ಖಾಲಿಯಾಗುತ್ತದೆ. ಆಮೇಲೆ ಸಿಗಡಿಗೆ ಏನು ಹಾಕುವುದು? ಕೆಲಸ ಮುಗಿಯಿತೆಂದು ಹಸಿವಿಗೆ ಬಿಡುವುದು ನನ್ನ ದೃಷ್ಟಿಯಲ್ಲಿ ಶುದ್ಧ ಅನ್ಯಾಯ.

ಇನ್ನು ಸಿಗಡಿಗೆ ಹಾಕಲು ನಕ್ಷತ್ರಮೀನಿನ ಕಾಲು ಕತ್ತರಿಸುವ ವಿಷಯ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. "ಇದರ ಹೊಟ್ಟೆಗೆಂದು ಅದರ ಕಾಲು ಕೊಯ್ಯುತ್ತೀಯಾ?" ಎಂದು ಅವ್ವ ಕೇಳಿದಳು. ನಕ್ಷತ್ರಮೀನಿಗೆ ಮಿದುಳಿಲ್ಲ, ನೋವಾಗುವುದಿಲ್ಲ ಎಂದು ಹೇಳಿ ನುಣುಚಿಕೊಳ್ಳಲು ನಾನು ಒಪ್ಪುವುದಿಲ್ಲ. ಅದಕ್ಕೆ ನರಗಳಿವೆ, ಕತ್ತರಿ ತಾಗಿದರೆ ಸುರುಟಿಕೊಳ್ಳುತ್ತದೆ. ಆದರೆ ತಂದ ಜೀವವನ್ನು ಹಸಿವಿನಿಂದ ಸಾಯಿಸುವುದೂ ಹಿಂಸೆಯೇ. ನಕ್ಷತ್ರಮೀನಿಗೆ ಕಾಲು ಮತ್ತೆ ಚಿಗುರುತ್ತದೆ, ನಿಜ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ಮೀನಿನ ಒಂದೊಂದೇ ಕಾಲನ್ನು ವಾರವಾರವೂ ತೆಗೆಯುತ್ತ ಹೋಗುವವರನ್ನು ನಾನು ಒಪ್ಪಲಾರೆ. ಒಂದರಿಂದ ಒಂದು ಕಾಲು, ಆಮೇಲೆ ಗಾಯ ಮಾಗಿ ಹೊಸ ಕುಡಿ ಬರುವವರೆಗೆ ಅದರ ತಂಟೆಗೆ ಹೋಗಬಾರದು. ಅಂದರೆ ಹಲವು ನಕ್ಷತ್ರಮೀನುಗಳು ಬೇಕು, ಅವಕ್ಕೆ ಬೇರೆ ತೊಟ್ಟಿ ಬೇಕು. ನಮಗೆ ಸಿಗುವ ಚಾಕೊಲೇಟ್ ಚಿಪ್ ನಕ್ಷತ್ರಮೀನು ಹವಳವನ್ನೂ ತಿನ್ನುವುದರಿಂದ ಹವಳದ ತೊಟ್ಟಿಯಲ್ಲಿ ಬಿಡುವಂತಿಲ್ಲ. ಅದಕ್ಕೆ ಚಿಪ್ಪಿನ ಮಾಂಸ, ಮೀನಿನ ಚೂರು ಹಾಕಬೇಕು. ಊಟಕ್ಕೂ ಊಟ ಹಾಕುವ ಕೆಲಸ ಇದು.

ವಿಜಯಪುರದಲ್ಲಿ ಕಷ್ಟ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ತೊಟ್ಟಿಯ ನೀರು 25ರ ಆಸುಪಾಸಿನಲ್ಲೇ ಇರಬೇಕು. ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಆಗದು, ಕರೆಂಟ್ ಹೋದರೆ ಇನ್ವರ್ಟರ್ ಬೇಕು. ನಮ್ಮ ಬೋರ್‌ವೆಲ್ ನೀರು ಹೇಗೂ ಸವಳು, ಉಪ್ಪು ಕಡಿಮೆ ಹಾಕಿದರೆ ಸಾಕು ಎನ್ನುವವರಿದ್ದಾರೆ. ಆ ಸವಳಿಗೂ ಕಡಲಿನ ಉಪ್ಪಿಗೂ ಸಂಬಂಧವಿಲ್ಲ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಬೆರೆಸಬೇಕು, ಆವಿಯಾದಷ್ಟಕ್ಕೆ ಬರೀ ಆರ್‌ಒ ನೀರು ತುಂಬಬೇಕು. ನಕ್ಷತ್ರಮೀನಿಗೆ ಉಪ್ಪಿನಂಶದ ಏರುಪೇರು ಸಿಗಡಿಗಿಂತಲೂ ಬೇಗ ಮಾರಕವಾಗುತ್ತದೆ. ಮುಂಬೈಯಿಂದಲೋ ಬೆಂಗಳೂರಿನಿಂದಲೋ ಬಂದ ಚೀಲವನ್ನು ಬಿಚ್ಚಿ ನೇರವಾಗಿ ತೊಟ್ಟಿಗೆ ಸುರಿಯಬೇಡಿ. ಹನಿಹನಿಯಾಗಿ ನಿಮ್ಮ ನೀರು ಬೆರೆಸುತ್ತ ಹೊಂದಿಸಿ.

ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ನಾನು ನಕ್ಷತ್ರಮೀನು ತರಿಸುವುದೇ ಇಲ್ಲ. ದಾರಿಯ ಸೆಕೆಯಲ್ಲಿ ಅದು ಬೇಯುವುದು ನನಗೆ ಬೇಡ. ಚಳಿಗಾಲದಲ್ಲಿ ತೆಗೆದಿಟ್ಟ ಕಾಲುಗಳನ್ನು ಮಹಡಿಯ ಮೇಲಿನ ಚಿಕ್ಕ ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿರುತ್ತೇನೆ. ಕೆಳಗಿನ ಫ್ರಿಜ್ಜಿಗೆ ಅವ್ವನ ಅಪ್ಪಣೆಯಿಲ್ಲ. ಒಂದು ತುಂಡನ್ನು ತೊಟ್ಟಿಯ ನೀರಿನಲ್ಲೇ ಕರಗಿಸಿ, ಉದ್ದನೆಯ ಚಿಮಟದಿಂದ ಸಂದಿಯ ಬಾಯಲ್ಲಿಟ್ಟರೆ ನಮ್ಮ ಜೋಡಿ ಎಳೆದುಕೊಂಡು ಹೋಗುತ್ತದೆ. ಉಳಿದ ಸಿಪ್ಪೆ ಕೊಳೆಯುವ ಮೊದಲೇ ತೆಗೆಯಬೇಕು. ಚಿಕ್ಕ ತೊಟ್ಟಿಯಲ್ಲಿ ಅಮೋನಿಯ ಏರಲು ಹೆಚ್ಚು ಹೊತ್ತು ಬೇಡ.

ನವನಗರದ ಹುಡುಗನಿಗೆ ಐಸ್ ಡಬ್ಬಿಯಲ್ಲಿ ಎರಡು ಕಾಲು ಕಳಿಸಿದ್ದೇನೆ, ಸಿಗಡಿ ತಿನ್ನಲು ಶುರುಮಾಡಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಯಾರ ತೊಟ್ಟಿಯಲ್ಲಾದರೂ ಆಸ್ಟರಿನಾ ಹೆಚ್ಚಾಗಿದ್ದರೆ ಎಸೆಯಬೇಡಿ, ನನಗೆ ತಿಳಿಸಿ. ಈ ಸಿಗಡಿ ಸಾಕಿರುವವರು ನಾಲ್ಕು ಮನೆಯಾದರೂ ಇದ್ದೇವೆ, ಹಂಚಿಕೊಳ್ಳುತ್ತೇವೆ.