ಮೊದಲು ಗುಳ್ಳೆ ಬಿಡೋದು ಕಲಿಯಬೇಕಾ?

ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಅಣ್ಣನ ಮಗ ಕೇಳಿದ: "ಕಾಕಾ, ಸ್ಕೂಬಾ ಬಿಟ್ಟು ನೇರ ರಿಬ್ರೀದರ್ ಕಲ್ತ್ರ ಏನಾಗ್ತದ?"

ಕಲಬುರಗಿಯಲ್ಲಿ ಕೂತು ಇದೆಂಥ ಮಾತು ಅಂತ ನಗಬೇಡಿ. ರಾತ್ರಿಯಿಡೀ ಬಸ್ಸಿನಲ್ಲಿ ಮೈ ಮುರಿದುಕೊಂಡು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಸಮುದ್ರದಲ್ಲಿ ಮುಳುಗಿ ಬರುವ ಹುಚ್ಚು ನಮ್ಮ ಮನೆಯಲ್ಲಿ ಇಬ್ಬರಿಗಿದೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಹೋಗಿಬಿಡುತ್ತದೆ. ರಿಬ್ರೀದರ್ ಅದೇ ಉಸಿರನ್ನು ಸೋಡಾ ಲೈಮ್ ಕಾಳುಗಳ ಮೂಲಕ ಹಾಯಿಸಿ, ಕಾರ್ಬನ್ ಡೈಆಕ್ಸೈಡ್ ತೆಗೆದು, ಖರ್ಚಾದಷ್ಟು ಆಮ್ಲಜನಕ ಸೇರಿಸಿ ವಾಪಸ್ ಕೊಡುತ್ತದೆ. ಹಾಗಂತ ಸ್ಕೂಬಾ ಅಣ್ಣ, ರಿಬ್ರೀದರ್ ತಮ್ಮ ಅಂದುಕೊಳ್ಳಬೇಡಿ. ಹೆನ್ರಿ ಫ್ಲೂಸ್ ಆಮ್ಲಜನಕದ ರಿಬ್ರೀದರ್ ಮಾಡಿದ್ದು 1878ರಲ್ಲಿ. ಈಗಿನ ಸ್ಕೂಬಾಕ್ಕೆ ದಾರಿ ಮಾಡಿದ, ಕೂಸ್ತೊ ಮತ್ತು ಗನ್ಯಾಂ ಅವರ ಅಕ್ವಾಲಂಗ್ ಬಂದಿದ್ದು 1943ರಲ್ಲಿ. ಎರಡನೇ ಮಹಾಯುದ್ಧದ ಇಟಲಿಯ ಮುಳುಗುಗಾರರು ರಿಬ್ರೀದರ್ ಹಾಕಿಕೊಂಡೇ ನೀರಿಗಿಳಿದವರು. ಅಂದರೆ ನೇರವಾಗಿ ಕಲಿಯೋಕೆ ಆಗೋದೇ ಇಲ್ಲ ಅನ್ನೋದು ಸುಳ್ಳು.

ಸ್ಕೂಬಾ ಅನುಭವ ಕಾಲಿಗೆ ತೊಡರುವುದೂ ಉಂಟು. ನಾನೇ ಸಾಕ್ಷಿ. 40 ಡೈವ್ ಮಾಡಿದ್ದೇನೆ ಅಂತ ಜಂಬದಿಂದ ರಿಬ್ರೀದರ್ ಕಲಿಯಲು ಹೋದೆ. ಸ್ಕೂಬಾದಲ್ಲಿ ಉಸಿರೆಳೆದರೆ ಮೈ ಸ್ವಲ್ಪ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ರಿಬ್ರೀದರಿನಲ್ಲಿ ಗಾಳಿ ಎದೆಯಿಂದ ಯಂತ್ರದ ಚೀಲಕ್ಕೆ, ಚೀಲದಿಂದ ಎದೆಗೆ ಓಡಾಡುತ್ತದೆ ಅಷ್ಟೇ. ಮೈ ಇದ್ದಲ್ಲೇ ಇರುತ್ತದೆ. ಇದು ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ಎರಡು ದಿನ ಈಜುಕೊಳದ ನೆಲಕ್ಕೆ ಮೊಣಕಾಲು ಉಜ್ಜಿದೆ.

ಆದರೂ ಹುಡುಗನಿಗೆ ನಾನು ಹೇಳಿದ್ದು, ಮೊದಲು ಸ್ಕೂಬಾ ಕಲಿ ಅಂತಲೇ. ಯಾಕೆಂದರೆ ರಿಬ್ರೀದರ್ ಕೈಕೊಟ್ಟಾಗ ಜೀವ ಉಳಿಸೋದು ಪಕ್ಕದಲ್ಲಿ ತೂಗುವ ಬೇಲ್‌ಔಟ್ ಸಿಲಿಂಡರ್. ಅದು ಅದೇ ಹಳೇ ಗುಳ್ಳೆ ಬಿಡುವ ಸ್ಕೂಬಾ! ಆಮ್ಲಜನಕ ಕಡಿಮೆಯಾದರೆ ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ. ಉಸಿರು ಬೇಕು ಅನಿಸುವಂತೆ ಮಾಡುವ ಕಾರ್ಬನ್ ಡೈಆಕ್ಸೈಡನ್ನು ಯಂತ್ರ ತೆಗೆದುಬಿಟ್ಟಿರುತ್ತದೆ. ಸುಮ್ನೆ ಕಣ್ಣು ಮುಚ್ಚುತ್ತದೆ. ಸೋಡಾ ಲೈಮ್ ಕೆಲಸ ನಿಲ್ಲಿಸಿದರೆ ಇದರ ಉಲ್ಟಾ. ಏದುಸಿರು ಎಷ್ಟು ಜೋರಾಗುತ್ತದೆಂದರೆ, ಬಾಯಲ್ಲಿರುವುದನ್ನು ತೆಗೆದು ಇನ್ನೊಂದನ್ನು ಇಟ್ಟುಕೊಳ್ಳುವ ಎರಡು ಸೆಕೆಂಡೂ ಆಗದ ಮಾತು ಅನಿಸುತ್ತದೆ. ಆಗ ಯೋಚನೆ ಕೆಲಸಕ್ಕೆ ಬರಲ್ಲ, ಕೈಯ ರೂಢಿಯೇ ಬೇಕು.

ಎಷ್ಟು ಡೈವ್ ಬೇಕು? ಲೆಕ್ಕ ಕೇಳಬೇಡಿ. ನಮ್ಮೂರ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಮೂರು ಬೇಸಿಗೆ ಹಾರಿದ ಹುಡುಗರಿಗೂ ಈಜು ಬಂದಿರಲಿಲ್ಲ. ಗೈಡ್ ಹಿಂದೆ ಬಾಲದಂತೆ ಹೋದ 100 ಡೈವೂ ಹಾಗೇ. 10 ಮೀಟರ್ ಆಳದಲ್ಲಿ ಕಣ್ಣು ಮುಚ್ಚಿ ಎರಡನೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ) ಹುಡುಕಿ ಬಾಯಿಗಿಡು, ಅಷ್ಟರಲ್ಲಿ ಒಂದು ಮೀಟರೂ ಮೇಲೆ ಕೆಳಗೆ ಆಗಬಾರದು. ಅದಾದರೆ ಹೋಗು ಅಂದೆ.

ಎಲ್ಲಾ ಕೇಳಿ ಹುಡುಗ ಕಪ್ ಕೆಳಗಿಟ್ಟ. "ಹಂಗಾದ್ರ ಎರಡೂ ಫೀಸ್ ನೀವೇ ಕಟ್ರಿ ಕಾಕಾ."