ಹ್ಯಾಂಡ್ಲಿಂಗ್ ಫೀ ಅಂದ್ರೆ ಎಂತದು ಮಾರಾಯ್ರೆ?

ಮಧ್ಯಾಹ್ನದಿಂದ ತಲೆ ಕೆಟ್ಟು ಕೂತಿದೀನಿ. ಬರೆದು ಹಾಕ್ದೆ ಇದ್ರೆ ರಾತ್ರಿ ನಿದ್ದೆ ಬರಲ್ಲ, ಉದ್ದ ಆದ್ರೆ ಬೈಕೋಬೇಡಿ, ಮಳೆ ಹಿಡ್ಕೊಂಡಿದೆ, ಕರೆಂಟ್ ಇಲ್ಲ, ಮೊಬೈಲಲ್ಲಿ 60 ಪರ್ಸೆಂಟ್ ಚಾರ್ಜ್ ಇದೆ, ಅಷ್ಟರೊಳಗೆ ಮುಗಿಸ್ತೀನಿ.

ಕಾಫಿ ಬೀಜ ಅರೆಯೋ ನನ್ನ ಕೈ ಗ್ರೈಂಡರ್ ವಿಷಯ ಇಲ್ಲಿ ಅರ್ಧ ಜನಕ್ಕೆ ಗೊತ್ತು. ದಿನಾ ಬೆಳಿಗ್ಗೆ ಜಗಲಿ ಮೇಲೆ ಕೂತು ಗರಗರ ತಿರುಗಿಸೋದು, ನಮ್ಮನೆಯವಳು ಅದಕ್ಕೆ ನಂಗೆ ‘ರಾಗಿ ಬೀಸೋ ಅಜ್ಜಿ’ ಅಂತ ಹೆಸರಿಟ್ಟಿರೋದು, ಎಲ್ಲ ಹಳೇ ಸುದ್ದಿ. ಅದರೊಳಗಿನ ಬರ್, ಅಂದ್ರೆ ಬೀಜ ಅರೆಯೋ ಹಲ್ಲಿನ ಚಕ್ರ, ಹೋದ ತಿಂಗಳು ಮುರೀತು. ಹೆಂಗೆ ಮುರೀತು ಅಂತ ಕೇಳ್ಬೇಡಿ. ನಮ್ಮದೇ ಕಣದಲ್ಲಿ ಒಣಗಿಸಿದ ನಮ್ಮದೇ ಬೀಜದಲ್ಲಿ ಕಲ್ಲಿತ್ತು. ಐದೆಕರೆ ತೋಟದ ಯಜಮಾನನಿಗೆ ಇದಕ್ಕಿಂತ ಮರ್ಯಾದೆ ಬೇಕಾ.

ಮಾಡಿದೋರು ಜರ್ಮನಿಯವರು, ಬಿಡಿ ಭಾಗ ಇಲ್ಲಿ ಎಲ್ಲೂ ಸಿಗಲ್ಲ. 40 ಯೂರೋ ಅಂತ ಹಾಕಿದ್ರು, ನಮ್ಮ ದುಡ್ಡಲ್ಲಿ 4,200 ಆಸುಪಾಸು. ಕೊರಿಯರ್ ಖರ್ಚು ಬೇರೆ 30 ಯೂರೋ. ಹೊಟ್ಟೆ ಉರೀತು, ಆದ್ರೂ ಕೊಟ್ಟೆ. ತೆರಿಗೆ ಬರುತ್ತೆ ಅಂತ್ಲೂ ಗೊತ್ತಿತ್ತು, ನಾನೇನು ಹಾಲು ಕುಡಿಯೋ ಕೂಸಲ್ಲ.

ಮೊದ್ಲು ಬಂದಿದ್ದು ಒಂದು ಮೆಸೇಜ್, ಕೆವೈಸಿ ಮಾಡಿ, ಆಧಾರ್ ಹಾಕಿ, ಕೆಳಗೊಂದು ಲಿಂಕ್. ಯಾವನೋ ಕಳ್ಳ ಅಂದ್ಕೊಂಡು ಎರಡು ಸಲ ಡಿಲೀಟ್ ಮಾಡಿದೆ. ಮೂರನೇ ಸಲ ಫೋನೇ ಬಂತು, ‘ಸಾರ್ ನಿಮ್ಮ ಪಾರ್ಸೆಲ್ ಬೆಂಗಳೂರಲ್ಲಿ ನಿಂತಿದೆ’ ಅಂತ. ಹಾಕಿದೆ. ಆಮೇಲೆ ಬಂತು ನೋಡಿ ಬಿಲ್ಲು. ಸುಂಕ, ಐಜಿಎಸ್‌ಟಿ (ಹೊರಗಿಂದ ಬರೋ ಸಾಮಾನಿಗೆ ಹಾಕೋ ಜಿಎಸ್‌ಟಿ) ಎಲ್ಲ ಸೇರಿ ಸಾವಿರದ ಐನೂರ ಚಿಲ್ಲರೆ. ಸರಿ, ಇಷ್ಟೇ ತಾನೆ. ಅದರ ಕೆಳಗೆ ಹ್ಯಾಂಡ್ಲಿಂಗ್ ಫೀ 1,400. ಅದರ ಕೆಳಗೆ ಆ ಫೀ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 252. ಈ ಎರಡೇ ಸೇರಿ 1,652.

ಅಂದ್ರೆ ನಾನು ಸರ್ಕಾರಕ್ಕೆ ಕಟ್ಟಿದ ಸುಂಕಕ್ಕಿಂತ, ಆ ಸುಂಕವನ್ನ ಸರ್ಕಾರಕ್ಕೆ ಮುಟ್ಟಿಸಿದ್ದಕ್ಕೆ ಕೊಟ್ಟಿದ್ದೇ ಜಾಸ್ತಿ. ಇದನ್ನ ಮೂರು ಸಲ ಓದಿದೆ. ನೀವೂ ಇನ್ನೊಂದ್ಸಲ ಓದಿ.

ಫೋನ್ ಮಾಡಿ ಕೇಳಿದೆ, ಏನಮ್ಮ ಇದು ಹ್ಯಾಂಡ್ಲಿಂಗ್ ಅಂದ್ರೆ? ‘ಸಾರ್, ನಿಮ್ಮ ಪರವಾಗಿ ನಾವು ಡ್ಯೂಟಿ ಮುಂಚಿತವಾಗಿ ಕಟ್ಟಿರ್ತೀವಿ ಸಾರ್.’ ನಾನು ಕಟ್ಟು ಅಂದಿದ್ನಾ? ‘ಪ್ರೊಸೀಜರ್ ಸಾರ್.’ ಎಷ್ಟು ದಿನಕ್ಕೆ ಕಟ್ಟಿದ್ರಿ? ‘ಎರಡು ದಿನ ಆಯ್ತು ಸಾರ್.’ ಸಾವಿರದ ಐನೂರಕ್ಕೆ ಎರಡು ದಿನಕ್ಕೆ 1,400 ಬಡ್ಡಿ! ನಮ್ಮೂರಲ್ಲಿ ಮೊದ್ಲು ಹಣ್ಣು ಕೊಯ್ಯೋಕೆ ಮುಂಚೆ ಬೆಳೆ ಮೇಲೆ ಸಾಲ ಕೊಡ್ತಿದ್ದ ಸಾಹುಕಾರ್ರನ್ನ ನಮ್ಮಪ್ಪ ಸಾಯೋವರೆಗೂ ಬೈದ್ರು. ಪಾಪ, ಅವ್ರೆಲ್ಲ ದೇವರಂಥ ಜನ ಅಂತ ಇವತ್ತು ಅನ್ನಿಸ್ತು.

ಇಷ್ಟೂ ಹ್ಯಾಂಡ್ಲ್ ಮಾಡಿದೋರು ಮನೆವರೆಗೆ ತಂದುಕೊಟ್ರಾ? ಇಲ್ಲ. ‘ಒಳಗೆ ಗಾಡಿ ಜಾರುತ್ತೆ ಸಾರ್, ಹ್ಯಾಂಡ್ ಪೋಸ್ಟ್‌ವರೆಗೆ ಬಂದುಬಿಡಿ’ ಅಂದ. ಹ್ಯಾಂಡ್ ಪೋಸ್ಟ್ ಅಂದ್ರೆ ನಮ್ಮ ಮೂಡಿಗೆರೆ ಹತ್ರದ ಒಂದು ಸರ್ಕಲ್, ಆ ಕಡೆಯವ್ರಿಗೆ ಅರ್ಥ ಆಗುತ್ತೆ, ಆ ಮಳೇಲಿ ನಾನು ಜೀಪ್ ತಗೊಂಡು ಹ್ಯಾಂಡ್ ಪೋಸ್ಟ್‌ಗೆ ಹೋಗಿ, ಟೀ ಅಂಗಡಿ ಮುಂದೆ ನಿಂತು, ಹ್ಯಾಂಡ್ಲಿಂಗ್ ಫೀ ಕೊಟ್ಟ ಸಾಮಾನನ್ನ ನನ್ನ ಹ್ಯಾಂಡಲ್ಲೇ ಎತ್ಕೊಂಡು ಬಂದೆ. ಆ ಹುಡುಗನ ಮೇಲೆ ನಂಗೇನೂ ಸಿಟ್ಟಿಲ್ಲ, ಪೂರ್ತಿ ನೆಂದು ಹೋಗಿದ್ದ. ಆ 1,400ರಲ್ಲಿ ಅವನಿಗೆ ಒಂದು ರೇನ್‌ಕೋಟ್ ಕೊಡಿಸಿದ್ರೂ ನಾನು ಈ ಪೋಸ್ಟ್ ಬರೀತಿರ್ಲಿಲ್ಲ.

ಈಗ ಕಾಮೆಂಟಲ್ಲಿ ಬಂದು ‘ಅಣ್ಣ, ತೆರಿಗೆ ಈಗ ಕಮ್ಮಿ ಮಾಡಿದಾರಲ್ಲ’ ಅನ್ನೋರು ಇರ್ತೀರ, ಗೊತ್ತು. ಮಾಡಿದಾರೆ ಮಾರಾಯ, ನಾನೇ ಒಪ್ತೀನಿ. ಇದೇ ಗ್ರೈಂಡರ್‌ನ 2021ರಲ್ಲಿ ತರಿಸಿದಾಗ ಸ್ವಂತ ಬಳಕೆಯ ಸಾಮಾನಿಗೆ 35 ಪರ್ಸೆಂಟ್ ಸುಂಕ, ಸುಂಕದ ಮೇಲೆ 10 ಪರ್ಸೆಂಟ್ ಸರ್ಚಾರ್ಜ್, ಎಲ್ಲದರ ಮೇಲೆ 28 ಪರ್ಸೆಂಟ್ ಐಜಿಎಸ್‌ಟಿ, ಕೂಡಿಸಿದ್ರೆ 77.28 ಪರ್ಸೆಂಟ್. ನೂರು ರೂಪಾಯಿ ಸಾಮಾನಿಗೆ ಎಪ್ಪತ್ತೇಳು ರೂಪಾಯಿ. 2025ರ ಸೆಪ್ಟೆಂಬರಲ್ಲಿ 28 ಪರ್ಸೆಂಟ್ ಜಿಎಸ್‌ಟಿ ಸ್ಲ್ಯಾಬೇ ತೆಗೆದುಬಿಟ್ರು. 2026ರ ಬಜೆಟ್‌ನಲ್ಲಿ ಸ್ವಂತಕ್ಕೆ ತರಿಸೋ ಸಾಮಾನಿನ ಸುಂಕ, ಅಷ್ಟರಲ್ಲಿ 35ರಿಂದ 20ಕ್ಕೆ ಇಳಿದಿದ್ದನ್ನ, 10 ಮಾಡ್ತೀವಿ ಅಂದ್ರು. ಟಿವಿ ಮುಂದೆ ಕೂತು ನಾನೊಬ್ಬನೇ ಚಪ್ಪಾಳೆ ಹೊಡೆದಿದ್ದೆ, ಮನೆಯವಳು ಯಾಕೆ ಅಂತ ಕೇಳಿದ್ಲು, ಹೇಳಲಿಲ್ಲ. ಆದ್ರೆ ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ದೇವರು ಕಮ್ಮಿ ಮಾಡಿದ, ಪೂಜಾರಿ ತಟ್ಟೆ ದೊಡ್ಡದು ಮಾಡ್ಕೊಂಡ.

ಸುಂಕದವನ ಹತ್ರ ಸುಖದುಃಖ ಹೇಳ್ಕೊಂಡ ಹಾಗೆ ಅನ್ನೋ ಗಾದೆ ಮಾಡಿದೋರಿಗೆ ಸುಂಕದವನ ಪಕ್ಕ ಚೀಲ ಹಿಡ್ಕೊಂಡು ನಿಂತಿರೋನು ಕಂಡಿರ್ಲಿಲ್ಲ. ಸುಂಕದವನಿಗೆ ಕಾನೂನಾದ್ರೂ ಇದೆ ಕಣ್ರೀ. ಸಾಗಾಟದ ಖರ್ಚನ್ನೂ ಸೇರಿಸಿ ಅದರ ಮೇಲೆ ಸುಂಕ ಹಾಕ್ತಾರೆ, ಹೌದು, ಅನ್ಯಾಯ ಅನ್ನಿಸುತ್ತೆ, ಆದ್ರೆ ವಿಮಾನದಲ್ಲಿ ಬಂದಿದ್ರೆ ಆ ಖರ್ಚನ್ನ ಸಾಮಾನಿನ ಬೆಲೆಯ 20 ಪರ್ಸೆಂಟ್‌ಗಿಂತ ಮೇಲೆ ಲೆಕ್ಕ ಹಿಡಿಯೋ ಹಾಗಿಲ್ಲ ಅಂತ 2007ರ ಕಸ್ಟಮ್ಸ್ ವ್ಯಾಲ್ಯುಯೇಶನ್ ರೂಲ್ಸಲ್ಲಿ, ಅಂದ್ರೆ ಸುಂಕಕ್ಕೆ ಸಾಮಾನಿನ ಬೆಲೆ ಕಟ್ಟೋ ನಿಯಮದಲ್ಲಿದೆ. ನಂದು 30 ಯೂರೋ ಕೊರಿಯರ್ ಖರ್ಚು, ಲೆಕ್ಕಕ್ಕೆ ಬರೋದು 8 ಯೂರೋ. ಕಸ್ಟಮ್ಸ್‌ನವನೇ ಇಲ್ಲಿಗೆ ಸಾಕು ಅಂತ ನಿಲ್ತಾನೆ. ಈ 1,400ಕ್ಕೆ ಎಲ್ಲಿದೆ ನಿಲ್ಲೋ ಜಾಗ? 4,200ರ ಸಾಮಾನಿಗೂ ಅಷ್ಟೇ, ಬರೀ 400ರ ವಾಷರ್ ತರಿಸಿದ್ರೂ ಅಷ್ಟೇ ಅಂತೆ, ಮಿನಿಮಮ್ಮಂತೆ.

2021ರಲ್ಲಿ ಗ್ರೈಂಡರ್ ಪೋಸ್ಟಲ್ಲಿ ಬಂದಿತ್ತು. ನಮ್ಮ ಪೋಸ್ಟ್‌ಮ್ಯಾನ್ ಸ್ಕೂಟರ್‌ನಲ್ಲಿ ತೋಟದೊಳಗೇ ಬಂದ್ರು, ಚೀಟಿ ತೋರಿಸಿದ್ರು, ದುಡ್ಡು ಎಣಿಸ್ಕೊಂಡ್ರು, ಕಾಫಿ ಕುಡಿದ್ರು, ‘ಇಷ್ಟು ದುಡ್ಡು ಕೊಟ್ಟು ಬೀಸೋ ಕಲ್ಲು ತರಿಸಿದ್ರಾ ಗೌಡ್ರೆ’ ಅಂದು ನಕ್ಕು ಹೋದ್ರು. ಪೋಸ್ಟ್‌ನವರೂ ಫೀ ತಗೋತಾರೆ, ಸಣ್ಣದು. ಎಪ್ಪತ್ತೇಳು ಪರ್ಸೆಂಟ್ ಕೊಟ್ಟೂ ಅವತ್ತು ನಂಗೆ ಇಷ್ಟು ಉರೀಲಿಲ್ಲ.

ಅವತ್ತಿನದೇ ಒಂದು ತಪ್ಪೊಪ್ಪಿಗೆ ಇದೆ, ಹೇಳಿಬಿಡ್ತೀನಿ. ಟೆಕ್ಸಾಸಲ್ಲಿರೋ ಅಕ್ಕನ ಮಗನಿಗೆ ನಾನು ಮೊದ್ಲು ಹೇಳಿದ್ದು, ನೀನೇ ತಗೊಂಡು ‘ಗಿಫ್ಟ್’ ಅಂತ ಬರೆದು ಕಳಿಸೋ ಅಂತ. ಅವನು ನಕ್ಕು, ಮಾವ ನಿಮ್ಮ ದೇಶದಲ್ಲಿ ಅದು 2019ರ ಡಿಸೆಂಬರಲ್ಲೇ ನಿಂತೋಯ್ತು, ಜೀವ ಉಳಿಸೋ ಔಷಧಿ ಮತ್ತೆ ರಾಖಿ ಬಿಟ್ರೆ ಯಾವ ಗಿಫ್ಟಿಗೂ ವಿನಾಯಿತಿ ಇಲ್ಲ ಅಂದ. ಗ್ರೈಂಡರ್‌ಗೆ ದಾರ ಕಟ್ಟಿ ಕಳಿಸು ಅಂದೆ. ಅಮೆರಿಕದಲ್ಲಿ 800 ಡಾಲರ್‌ವರೆಗೆ ಸುಂಕವೇ ಇಲ್ಲ ಮಾವ ಅಂತ ಕೊಚ್ಕೋತಿದ್ದ. 2025ರ ಆಗಸ್ಟಲ್ಲಿ ಅವರೂ ಅದನ್ನ ನಿಲ್ಲಿಸಿದ್ರು. ಆಮೇಲಿಂದ ಆ ವಿಷಯ ಎತ್ತಿಲ್ಲ ಅವನು.

ಇನ್ನು ಕೆಲವರು ಕೇಳೋ ಪ್ರಶ್ನೆನೂ ಗೊತ್ತು. ತೆರಿಗೆ ಬಗ್ಗೆ ಕೂಗೋಕೆ ನಿಂಗೇನು ಹಕ್ಕು, ನೀನು ಕಾಫಿ ಬೆಳೆಗಾರ ಅಲ್ವಾ, ಹೊರಗಿನ ಕಾಫಿಗೆ ನೂರಕ್ಕೆ ನೂರು ಸುಂಕ ಹಾಕಿ ನಿನ್ನನ್ನ ಕಾಯ್ತಿಲ್ವಾ, ವಿಯೆಟ್ನಾಂ ಕಾಳುಮೆಣಸು ಬರ್ತಿದೆ ತಡೀರಿ ತಡೀರಿ ಅಂತ ಎಲ್ಲರ ಜೊತೆ ನೀನೂ ಕೂಗಿದ್ಯಲ್ಲ. ಕೂಗಿದ್ದೆ. 2017ರ ಕೊನೆಗೆ ಕೆಜಿಗೆ 500 ರೂಪಾಯಿಗಿಂತ ಕಮ್ಮಿ ಬೆಲೆಯ ಮೆಣಸು ತರೋ ಹಾಗಿಲ್ಲ ಅಂತ ಆದೇಶ ಬಂದಾಗ ಪೇಟೇಲಿ ಮೈಸೂರ್ ಪಾಕ್ ಹಂಚಿದೋರಲ್ಲಿ ನಾನೂ ಒಬ್ಬ. ನಾಳೆ ಕರೆದ್ರೂ ಹೋಗಿ ಕೂಗ್ತೀನಿ. ಮೆಣಸು ನಮ್ಮ ಮರದ ಮೇಲೆ ಬೆಳೆಯುತ್ತೆ ಸ್ವಾಮಿ, ಬರ್ ಯಾವ ಮರದಲ್ಲೂ ಬೆಳೆಯಲ್ಲ, ಅದಕ್ಕೆ ಸುಂಕ ಹಾಕಿ ಯಾವ ರೈತನ್ನ ಕಾಯ್ತೀರ? (ಈ ವಾದ ಸ್ವಲ್ಪ ಕುಂಟುತ್ತೆ ಅಂತ ಬರೆಯೋವಾಗ್ಲೇ ಅನ್ನಿಸ್ತು. ಇರ್ಲಿ ಬಿಡಿ.) ಬಾಬಾಬುಡನ್ ಏಳು ಬೀಜ ತಂದಾಗ ಡ್ಯೂಟಿ ಕಟ್ಟಿದ್ರಾ ಅನ್ನೋ ಜೋಕನ್ನ ದಯವಿಟ್ಟು ಯಾರೂ ಹಾಕ್ಬೇಡಿ, ಮಧ್ಯಾಹ್ನದಿಂದ ವಾಟ್ಸಾಪಲ್ಲಿ ಆರು ಜನ ಹಾಕಿದಾರೆ.

ಅಷ್ಟಕ್ಕೂ ನನ್ನ ತಕರಾರು ಸುಂಕದ್ದೇ ಅಲ್ಲ, ಎಷ್ಟು ಸಲ ಹೇಳ್ಲಿ. ನಮ್ಮ ಹಸಿ ಬೀಜ ಜರ್ಮನಿಗೆ ಹೋದ್ರೆ ಸುಂಕ ಸೊನ್ನೆ. ಹುರಿದು ಕಳಿಸಿದ್ರೆ ಸುಂಕ ಬೀಳುತ್ತೆ. ಅದು ಸಾಲ್ದು ಅಂತ ಅಲ್ಲಿ ಸರ್ಕಾರ ಹುರಿದ ಕಾಫಿ ಮೇಲೆ ಕೆಜಿಗೆ 2.19 ಯೂರೋ ಕಾಫಿ ತೆರಿಗೆ ಅಂತ್ಲೇ ಬೇರೆ ತಗೊಳುತ್ತೆ. ತಗೊಳ್ಲಿ. ಅಂಗಡಿಯ ಬೆಲೆಯೊಳಗೇ ಅದು ಸೇರಿರುತ್ತೆ, ಕುಡಿಯೋನ ಬಾಗಿಲಿಗೆ ಹೋಗಿ ಪ್ಯಾಕೆಟ್ ಒಂದು ಕೈಲಿ ಹಿಡ್ಕೊಂಡು ಇನ್ನೊಂದು ಕೈ ಚಾಚಲ್ಲ. ಅಲ್ಲಿವರೆಗೆ ಯಾಕೆ, ನಾವು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ತಗೊಂಡು ಹೋಗೋ ಕ್ಯೂರಿಂಗ್ ವರ್ಕ್ಸ್‌ನವರು, ಅಂದ್ರೆ ಬೀಜ ಹಸನು ಮಾಡಿಕೊಡೋ ಕಾರ್ಖಾನೆಯವರು, ಚಾರ್ಜ್ ತಗೊಳಲ್ವಾ? ಆದ್ರೆ ಮೂಟೆಗೆ ಇಷ್ಟು ಅಂತ ಮೊದ್ಲೇ ಹೇಳ್ತಾರೆ, ಆಗದಿದ್ರೆ ಲಾರಿ ತಿರುಗಿಸ್ಕೊಂಡು ಬರಬಹುದು. ಇಲ್ಲಿ? ಸಾಮಾನು ಅವರ ಕೈಲಿ, ನನ್ನ 70 ಯೂರೋ ಆಗ್ಲೇ ಜರ್ಮನಿಲಿ, ಬೇಡ ಅಂದ್ರೆ ವಾಪಸ್ ಕಳಿಸೋ ಖರ್ಚೂ ನಂದೇ ಅಂತೆ. ಇದಕ್ಕೆ ಹ್ಯಾಂಡ್ಲಿಂಗ್ ಅಂತಾರೋ, ಜುಟ್ಟು ಹಿಡ್ಕೊಳೋದು ಅಂತಾರೋ.

ಮನೇಲಿ ಇನ್ನೊಂದು ಅಧ್ಯಾಯ ನಡೀತು. ಬರ್‌ಗೆ ಸಾವಿರದ ಚಿಲ್ಲರೆ ಆಗುತ್ತೆ ಅಂತ ನಾನು ಹೇಳಿಟ್ಟಿದ್ದೆ. ನಾನು ಹ್ಯಾಂಡ್ ಪೋಸ್ಟ್‌ಗೆ ಹೋಗಿದ್ದಾಗ ಪೇಮೆಂಟ್ ಮೆಸೇಜ್ ಅವಳ ಫೋನಿಗೂ ಹೋಗಿದೆ, ಅಕೌಂಟ್ ಜಂಟಿ ಅನ್ನೋದೇ ಮರೆತಿದ್ದೆ. ಬಂದು ಚಪ್ಪಲಿ ಬಿಡೋಷ್ಟರಲ್ಲಿ ‘ಮೂರು ಸಾವಿರ ತೆರಿಗೆ ಬೀಳೋ ಸಾಮಾನು ಸಾವಿರಕ್ಕೆ ಹೆಂಗೆ ಬಂತು?’ ಅಂದ್ಲು. ಹ್ಯಾಂಡ್ಲಿಂಗ್ ಫೀ ಬಗ್ಗೆ ವಿವರಿಸೋಕೆ ಶುರು ಮಾಡಿದೆ. ಅವಳು ಎದ್ದು ಹೋಗಿ ಚಿಕೋರಿ ಬೆರೆಸಿದ ಪೇಟೆ ಪುಡೀಲಿ ಫಿಲ್ಟರ್ ಕಾಫಿ ಮಾಡ್ಕೊಂಡು ಕುಡಿದ್ಲು. ಒಂದೇ ಲೋಟ.

ಡಬ್ಬಿ ಬಿಚ್ಚಿದೆ. ಬರ್ ಚೆನ್ನಾಗಿದೆ, ಅಳತೇನೂ ಸರಿ. ಅದರ ಜೊತೆ ಬರ್ಬೇಕಿದ್ದ ವಾಷರ್ ಮಾತ್ರ ಇಲ್ಲ. ಫೋಟೋ ತೆಗೆದು ಮೇಲ್ ಹಾಕಿದ್ದಕ್ಕೆ ಅರ್ಧ ಗಂಟೇಲಿ ಉತ್ತರ ಬಂತು, ಪಾಪ ತುಂಬ ಒಳ್ಳೇ ಜನ, ಕ್ಷಮೆ ಕೇಳಿ, ನಾಳೆಯೇ ಅದೇ ಕೊರಿಯರಲ್ಲಿ ಪೂರ್ತಿ ಫ್ರೀಯಾಗಿ ಕಳಿಸ್ತೀವಿ ಅಂದಿದಾರೆ.

ಫ್ರೀ ಅಂತೆ.

ನಾನಿನ್ನೂ ಅದಕ್ಕೆ ಹ್ಞೂಂ ಅಂದಿಲ್ಲ. ಚಿಕ್ಕಮಗಳೂರಲ್ಲೋ ಹಾಸನದಲ್ಲೋ 8 ಮಿಲಿಮೀಟರಿನ ತೆಳು ಸ್ಟೀಲ್ ವಾಷರ್ ಕಡೆದು ಕೊಡೋ ಲೇತ್‌ನವರು ಯಾರಾದ್ರೂ ಗೊತ್ತಿದ್ರೆ ಕಾಮೆಂಟಲ್ಲಿ ಹಾಕಿ, ಬೇಗ.